ಸುಮ್ಮನಿದ್ದರೂ ಡಿಸ್ಕಿಗೆ ಬರೆಯುತ್ತಿರುವುದು ಯಾರು? ಲಿನಕ್ಸ್‌ನಲ್ಲಿ ಪತ್ತೆ ಹಚ್ಚುವ ಬಗೆ

ಕಂಪ್ಯೂಟರಿನಲ್ಲಿ ನೀವು ಏನೂ ಮಾಡುತ್ತಿಲ್ಲ. ಆದರೂ ಡಿಸ್ಕಿನ ದೀಪ ಐದೈದು ಸೆಕೆಂಡಿಗೊಮ್ಮೆ ಮಿಣುಕುತ್ತದೆ. ಹಾರ್ಡ್ ಡಿಸ್ಕ್ ಆಗಿದ್ದರೆ ಒಳಗಿನಿಂದ ಕಟಕಟ ಸದ್ದೂ ಕೇಳಿಸುತ್ತದೆ. "ಐಒಟಾಪ್‌ನಲ್ಲಿ ಜೆಬಿಡಿ2 ಅಂತ ಏನೋ ಕಾಣ್ತಿದೆ, ಇದನ್ನ ಹೇಗೆ ನಿಲ್ಲಿಸೋದು?" ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ಐಒಟಾಪ್ ಎಂದರೆ ಯಾವ ಪ್ರೊಸೆಸ್, ಅಂದರೆ ಓಡುತ್ತಿರುವ ಯಾವ ಪ್ರೋಗ್ರಾಂ, ಡಿಸ್ಕಿಗೆ ಎಷ್ಟು ಬರೆಯುತ್ತಿದೆ ಎಂದು ತೋರಿಸುವ ಸಲಕರಣೆ. ಜೆಬಿಡಿ2 ಏನೆಂದು ಎರಡನೆಯ ಹಂತದಲ್ಲಿ ಹೇಳುತ್ತೇನೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು ಗಮನದಲ್ಲಿರಲಿ. ಲಿನಕ್ಸ್‌ನಲ್ಲಿ ಡಿಸ್ಕಿಗೆ ಬರೆಯುವ ಕೈ ಒಂದು, ಬರೆಯಲು ಹೇಳಿದ ಬಾಯಿ ಇನ್ನೊಂದು. ಪರದೆಯ ಮೇಲೆ ಮೊದಲು ಕಾಣುವ ಹೆಸರು ಸಾಮಾನ್ಯವಾಗಿ ಮೂಟೆ ಹೊರುವ ಹಮಾಲಿಯದ್ದು. ಮೂಟೆ ಯಾರದ್ದು ಎಂದು ಪತ್ತೆ ಹಚ್ಚುವುದೇ ನಮ್ಮ ಕೆಲಸ.

ಏನೇನು ಬೇಕು

ಸುಡೊ ಅಧಿಕಾರ (ಅಡ್ಮಿನ್ ಆಗಿ ಕಮಾಂಡ್ ಕೊಡುವ ಅನುಮತಿ), ಒಂದು ಟರ್ಮಿನಲ್, ಅರ್ಧ ಗಂಟೆ ಬಿಡುವು. ಜೊತೆಗೆ ಮೂರು ಪ್ಯಾಕೇಜ್: ಸಿಸ್‌ಸ್ಟ್ಯಾಟ್, ಐಒಟಾಪ್, ಫಾಟ್ರೇಸ್. ಲೇಖನದಲ್ಲಿ ಕಮಾಂಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ, ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ತಪ್ಪಾಗಬಹುದಾದ ಹೆಸರುಗಳನ್ನು ಬಿಡಿಸಿ ಹೇಳುವುದಾದರೆ: ಸಿಸ್‌ಸ್ಟ್ಯಾಟ್ ಎಂದರೆ ಎಸ್-ವೈ-ಎಸ್-ಎಸ್-ಟಿ-ಎ-ಟಿ, ನಡುವೆ ಎರಡು ಎಸ್ ಇವೆ. ಫಾಟ್ರೇಸ್ ಎಂದರೆ ಎಫ್-ಎ-ಟಿ-ಆರ್-ಎ-ಸಿ-ಇ. ಉಬುಂಟು, ಡೆಬಿಯನ್ ಬಳಸುವವರು ಎಪಿಟಿ ಮೂಲಕ, ಫೆಡೋರಾದವರು ಡಿಎನ್‌ಎಫ್ ಮೂಲಕ ಹಾಕಿಕೊಳ್ಳಿ.

1. ಮೊದಲು ಅಳೆಯಿರಿ

ದೀಪ ಮಿಣುಕಿದ್ದಷ್ಟಕ್ಕೇ ಬರವಣಿಗೆ ಎನ್ನಲಾಗದು. ಓದುವಾಗಲೂ ಅದು ಮಿಣುಕುತ್ತದೆ. ಹಾಗಾಗಿ ಮೊದಲು ಸಿಸ್‌ಸ್ಟ್ಯಾಟ್ ಪ್ಯಾಕೇಜಿನಲ್ಲಿ ಬರುವ ಈ ಕಮಾಂಡ್ ಕೊಡಿ:

ಐಒಸ್ಟ್ಯಾಟ್ -ಡಿ -ಕೆ -ವೈ 5

ಐದು ಸೆಕೆಂಡಿಗೊಮ್ಮೆ ಪ್ರತಿ ಡಿಸ್ಕಿನ ಲೆಕ್ಕ ಬರುತ್ತದೆ. ಸೆಕೆಂಡಿಗೆ ಎಷ್ಟು ಕೆಬಿ ಬರೆಯಲಾಯಿತು ಎನ್ನುವ ಕಾಲಮ್ಮನ್ನು ಮಾತ್ರ ನೋಡಿ. ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಮೈನಸ್ ವೈ ಬಿಟ್ಟರೆ ಮೊದಲು ಬರುವ ಲೆಕ್ಕ ಕಂಪ್ಯೂಟರ್ ಚಾಲೂ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ. ಅದನ್ನು ಈ ಕ್ಷಣದ್ದೆಂದು ತಿಳಿದು ಗಾಬರಿಯಾಗುವವರು ಬಹಳ. ಇನ್ನೊಂದು, ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ್ದರೆ ಅಥವಾ ಎಲ್‌ವಿಎಂ (ಡಿಸ್ಕಿನ ಜಾಗವನ್ನು ಬೇಕಾದಂತೆ ಹಂಚುವ ವ್ಯವಸ್ಥೆ) ಇದ್ದರೆ ಒಂದೇ ಬರವಣಿಗೆ ಎರಡು ಸಾಲಿನಲ್ಲಿ ಕಾಣುತ್ತದೆ, ಡಿಎಂ-0 ಎಂಬ ಹೆಸರಿನಲ್ಲಿ ಒಮ್ಮೆ, ನಿಜವಾದ ಡಿಸ್ಕಿನ ಹೆಸರಿನಲ್ಲಿ ಮತ್ತೊಮ್ಮೆ. ಎರಡನ್ನೂ ಕೂಡಿಸಬೇಡಿ.

ನಿಮ್ಮ ಫೈಲ್‌ಸಿಸ್ಟಂ, ಅಂದರೆ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ, ಇಎಕ್ಸ್‌ಟಿ4 ಆಗಿದ್ದರೆ ಇನ್ನೂ ಸರಳವಾದ ದಾರಿಯೊಂದಿದೆ, ಯಾವ ಪ್ಯಾಕೇಜೂ ಬೇಡ. /ಸಿಸ್/ಎಫ್ಎಸ್/ಇಎಕ್ಸ್‌ಟಿ4 ಫೋಲ್ಡರಿನೊಳಗೆ ಪ್ರತಿ ಪಾರ್ಟಿಷನ್ನಿನ ಹೆಸರಿನ ಫೋಲ್ಡರ್ ಇರುತ್ತದೆ. ಅದರಲ್ಲಿ ಸೆಷನ್_ರೈಟ್_ಕೆಬೈಟ್ಸ್ ಎಂಬ ಫೈಲನ್ನು ಕ್ಯಾಟ್ ಕಮಾಂಡಿನಿಂದ ಓದಿ. ಮೌಂಟ್ ಮಾಡಿದಾಗಿನಿಂದ (ಅಂದರೆ ಬಳಕೆಗೆ ಜೋಡಿಸಿದಾಗಿನಿಂದ) ಆ ಫೈಲ್‌ಸಿಸ್ಟಂಗೆ ಎಷ್ಟು ಕೆಬಿ ಬರೆಯಲಾಗಿದೆ ಎಂಬ ಸಂಖ್ಯೆ ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಹತ್ತು ನಿಮಿಷ ಏನನ್ನೂ ಮುಟ್ಟದೆ ಬಿಟ್ಟು ಮತ್ತೆ ಓದಿ. ವ್ಯತ್ಯಾಸವೇ ನಿಮ್ಮ ಉತ್ತರ. ಮುಂದೆ ಯಾವ ಬದಲಾವಣೆ ಮಾಡಿದರೂ ಇದೇ ಅಳತೆಗೋಲಿನಿಂದ ಹೋಲಿಸಿ ನೋಡಬೇಕು. ಈ ಸಂಖ್ಯೆ ಕೈಯಲ್ಲಿಲ್ಲದೆ ಮುಂದಿನ ಹಂತಕ್ಕೆ ಹೋಗಬೇಡಿ.

2. ಹೊರುವವರು, ಹೊರಿಸುವವರು

ಸುಡೊ ಐಒಟಾಪ್ -ಒ -ಪಿ -ಎ

ಇಲ್ಲಿ ಪಿ ದೊಡ್ಡಕ್ಷರ. ಮೈನಸ್ ಒ ಕೊಟ್ಟರೆ ಕೆಲಸ ಮಾಡುತ್ತಿರುವ ಪ್ರೊಸೆಸ್‌ಗಳಷ್ಟೇ ಕಾಣುತ್ತವೆ. ಮೈನಸ್ ಎ ಕೊಟ್ಟರೆ ಕ್ಷಣಕ್ಷಣದ ವೇಗದ ಬದಲು ಒಟ್ಟು ಮೊತ್ತ ಸೇರುತ್ತಾ ಹೋಗುತ್ತದೆ. ಈ ಮೈನಸ್ ಎ ಬಹಳ ಮುಖ್ಯ. ಅದಿಲ್ಲದಿದ್ದರೆ ಅರ್ಧ ಸೆಕೆಂಡ್ ಬಂದು ಮಾಯವಾಗುವ ಹೆಸರು ಕಣ್ಣಿಗೆ ಬೀಳುವುದೇ ಇಲ್ಲ. ಹತ್ತು ನಿಮಿಷ ಬಿಟ್ಟು ಬಂದು ಪಟ್ಟಿ ನೋಡಿ.

ಮೇಲ್ಭಾಗದಲ್ಲಿ ಬರವಣಿಗೆಗೆ ಎರಡು ಸಂಖ್ಯೆಗಳಿರುತ್ತವೆ, 'ಟೋಟಲ್' ಮತ್ತು 'ಆ್ಯಕ್ಚುವಲ್'. ಇವೆರಡೂ ಏಕೆ ತಾಳೆಯಾಗುವುದಿಲ್ಲ ಎನ್ನುವುದು ಅರ್ಥವಾದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಪ್ರೋಗ್ರಾಂ ಬರೆದದ್ದು ನೇರವಾಗಿ ಡಿಸ್ಕಿಗೆ ಹೋಗುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ರ್‍ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಪೇಜ್ ಕ್ಯಾಶ್ ಎಂದು ಹೆಸರು. ಅದರಲ್ಲಿ ಇನ್ನೂ ಡಿಸ್ಕಿಗೆ ಇಳಿಯದೆ ಉಳಿದ ಭಾಗಕ್ಕೆ ಡರ್ಟಿ ಪೇಜ್ ಎನ್ನುತ್ತಾರೆ. ಕರ್ನಲ್‌ನ ಮೂಲ ಹೊಂದಿಕೆಯಂತೆ 5 ಸೆಕೆಂಡಿಗೊಮ್ಮೆ ಒಂದು ಥ್ರೆಡ್ ಎದ್ದು, 30 ಸೆಕೆಂಡಿಗಿಂತ ಹಳೆಯದಾದ ಡರ್ಟಿ ಪೇಜ್‌ಗಳನ್ನು ಡಿಸ್ಕಿಗೆ ಇಳಿಸುತ್ತದೆ. ಐಒಟಾಪ್ ಒಂದು ಪ್ರೊಸೆಸ್ಸಿನ ಎದುರು ತೋರಿಸುವುದು ಅದು ಪೇಜ್ ಕ್ಯಾಶ್‌ಗೆ ಹಾಕಿದ ಲೆಕ್ಕವನ್ನು, ಆ್ಯಕ್ಚುವಲ್ ತೋರಿಸುವುದು ಡಿಸ್ಕಿಗೆ ಇಳಿದದ್ದನ್ನು. ಅಂದರೆ ಈಗ ಡಿಸ್ಕ್ ಸದ್ದು ಮಾಡಲು ಕಾರಣವಾದವನು ಅರ್ಧ ನಿಮಿಷದ ಹಿಂದೆಯೇ ತನ್ನ ಕೆಲಸ ಮುಗಿಸಿ ಹೋಗಿರಬಹುದು.

ಈಗ ಪಟ್ಟಿಯಲ್ಲಿ ಚೌಕದ ಆವರಣದೊಳಗೆ ಕಾಣುವ ಹೆಸರುಗಳಿಗೆ ಬರೋಣ. ಇವು ಕರ್ನಲ್ ಥ್ರೆಡ್‌ಗಳು, ಕರ್ನಲ್ ತನ್ನೊಳಗೇ ಇಟ್ಟುಕೊಂಡ ಕೆಲಸಗಾರರು. ಕಿಲ್ ಮಾಡಲು ಹೋದರೆ ಆಗುವುದಿಲ್ಲ, ಮಾಡಬೇಕಾದ ಅಗತ್ಯವೂ ಇಲ್ಲ.

ಜೆಬಿಡಿ2/ಎಸ್‌ಡಿಎ2-8 ಎಂದು ಕಂಡರೆ ಅದು ಇಎಕ್ಸ್‌ಟಿ4ನ ಜರ್ನಲ್ ಬರೆಯುವ ಗುಮಾಸ್ತ. ಜರ್ನಲ್ ಎಂದರೆ ಫೈಲ್‌ಸಿಸ್ಟಂ ತನ್ನ ಬದಲಾವಣೆಗಳನ್ನು ಮೊದಲು ಬರೆದಿಟ್ಟುಕೊಳ್ಳುವ ದಿನಚರಿ ಪುಸ್ತಕ. ಕರೆಂಟ್ ಹೋಗಿ ಕಂಪ್ಯೂಟರ್ ಆರಿದರೂ ಫೈಲ್‌ಸಿಸ್ಟಂ ಕೆಡದೆ ಉಳಿಯುವುದು ಇದರಿಂದಲೇ. ಕೊನೆಯ 8 ಎಂಬುದು ಜರ್ನಲ್ ಕೂತಿರುವ ಐನೋಡ್‌ನ ಸಂಖ್ಯೆ. ಐನೋಡ್ ಎಂದರೆ ಒಂದು ಫೈಲಿನ ಮಾಲೀಕ, ಗಾತ್ರ, ದಿನಾಂಕ, ಜಾಗ ಇವೆಲ್ಲ ದಾಖಲಾಗಿರುವ ಚೀಟಿ. ಜರ್ನಲ್ ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಬರೆಯುತ್ತದೆ, ಆದರೆ ಬರೆಯಲು ಏನಾದರೂ ಇದ್ದರೆ ಮಾತ್ರ. ಆದ್ದರಿಂದ ಐದು ಸೆಕೆಂಡಿಗೊಮ್ಮೆ ದೀಪ ಮಿಣುಕಿದರೆ ಯಾವುದೋ ಪ್ರೋಗ್ರಾಂ ಸಣ್ಣಸಣ್ಣ ಬದಲಾವಣೆಗಳನ್ನು ಬಿಡದೆ ಮಾಡುತ್ತಿದೆ ಎಂದರ್ಥ.

ಕೆವರ್ಕರ್ ಎಂಬ ಹೆಸರಿನ ಕೊನೆಗೆ ಫ್ಲಶ್-8:0 ಎಂದಿದ್ದರೆ ಅದು ಡರ್ಟಿ ಪೇಜ್‌ಗಳನ್ನು ಇಳಿಸುವ ಥ್ರೆಡ್. 8:0 ಯಾವ ಡಿಸ್ಕ್ ಎಂದು ತಿಳಿಯಲು ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟು ಎರಡನೆಯ ಕಾಲಮ್ ನೋಡಿ. ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಂ ಬಳಸುವವರಿಗೆ ಬಿಟಿಆರ್‌ಎಫ್‌ಎಸ್-ಟ್ರಾನ್ಸ್ಯಾಕ್ಷನ್ ಕಾಣುತ್ತದೆ. ಅದರ ಅವಧಿ 30 ಸೆಕೆಂಡ್.

5.14 ಮತ್ತು ನಂತರದ ಕರ್ನಲ್‌ಗಳಲ್ಲಿ ಐಒಟಾಪ್‌ನ ಶೇಕಡಾವಾರು ಕಾಲಮ್ ಖಾಲಿ ಇರಬಹುದು. ಪ್ರೊಸೆಸ್ಸುಗಳು ಡಿಸ್ಕಿಗಾಗಿ ಕಾದ ಸಮಯದ ಲೆಕ್ಕವನ್ನು ಕರ್ನಲ್ ಈಗ ಮೂಲತಃ ಇಡುವುದಿಲ್ಲ. ಕರ್ನಲ್‌ನ ಹೊಂದಿಕೆ ಬದಲಿಸುವ ಸಿಸ್‌ಸಿಟಿಎಲ್ ಕಮಾಂಡಿನಲ್ಲಿ ಕರ್ನಲ್.ಟಾಸ್ಕ್_ಡಿಲೇಆ್ಯಕ್ಟ್ ಮೌಲ್ಯವನ್ನು 1 ಮಾಡಿದರೆ ಬರುತ್ತದೆ. ಬೈಟ್‌ಗಳ ಲೆಕ್ಕಕ್ಕೆ ಮಾತ್ರ ಇದು ಬೇಕಿಲ್ಲ.

3. ಡಿಸ್ಕ್ ಹೊಸದೇ? ಹಾಗಾದರೆ ಇಲ್ಲಿ ನಿಲ್ಲಿ

ಹೊಸ ಡಿಸ್ಕ್ ತಂದು ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡಿ ಮೌಂಟ್ ಮಾಡಿದ್ದೀರಿ. ಒಂದೇ ಒಂದು ಫೈಲ್ ಹಾಕಿಲ್ಲ, ಆದರೂ ಡಿಸ್ಕ್ ಗಂಟೆಗಟ್ಟಲೆ ದುಡಿಯುತ್ತಿದೆ. ನನಗೆ ಬರುವ ಪ್ರಶ್ನೆಗಳಲ್ಲಿ ಅತಿ ಹೆಚ್ಚು ಆತಂಕ ತುಂಬಿದ್ದು ಇದು. ಡಿಸ್ಕ್ ಕೆಟ್ಟಿದೆ ಎಂದು ಅಂಗಡಿಗೆ ಮರಳಿಸಿದವರೂ ಇದ್ದಾರೆ.

ಐಒಟಾಪ್ ಪಟ್ಟಿಯಲ್ಲಿ ಇಎಕ್ಸ್‌ಟಿ4ಲೇಜಿಇನಿಟ್ ಎಂಬ ಹೆಸರಿದೆಯೇ ನೋಡಿ. ಇದ್ದರೆ ಡಿಸ್ಕಿಗೆ ಯಾವ ತೊಂದರೆಯೂ ಇಲ್ಲ.

ಆಗುತ್ತಿರುವುದು ಇಷ್ಟು. ಇಎಕ್ಸ್‌ಟಿ4 ಡಿಸ್ಕನ್ನು 128 ಎಂಬಿ ಗಾತ್ರದ ಗುಂಪುಗಳಾಗಿ ಹಂಚಿಕೊಳ್ಳುತ್ತದೆ. ಮೂಲ ಹೊಂದಿಕೆಯಲ್ಲಿ ಪ್ರತಿ 16 ಕೆಬಿಗೆ ಒಂದು ಐನೋಡ್, ಅಂದರೆ ಗುಂಪಿಗೆ 8192. ಒಂದೊಂದೂ 256 ಬೈಟ್ ಆದ್ದರಿಂದ ಗುಂಪಿಗೆ 2 ಎಂಬಿ ಐನೋಡ್ ಪಟ್ಟಿ. ಇಡೀ ಡಿಸ್ಕಿನ 64ರಲ್ಲಿ ಒಂದು ಪಾಲು ಈ ಪಟ್ಟಿಗಳಿಗೇ ಹೋಗುತ್ತದೆ. 2 ಟಿಬಿ ಡಿಸ್ಕಿನಲ್ಲಿ ಅದು ಸುಮಾರು 30 ಜಿಬಿ. ಹಿಂದೆ ಫಾರ್ಮ್ಯಾಟ್ ಮಾಡುವಾಗಲೇ ಇಷ್ಟಕ್ಕೂ ಸೊನ್ನೆ ತುಂಬಬೇಕಿತ್ತು, ಹಾಗಾಗಿ ಬಹಳ ಹೊತ್ತು ಕಾಯಬೇಕಿತ್ತು. 2.6.37 ಕರ್ನಲ್‌ನಿಂದ ಈಚೆಗೆ ಫಾರ್ಮ್ಯಾಟ್ ಬೇಗ ಮುಗಿಸಿ, ಸೊನ್ನೆ ತುಂಬುವ ಕೆಲಸವನ್ನು ಮೌಂಟ್ ಆದ ಮೇಲೆ ಹಿನ್ನೆಲೆಯಲ್ಲಿ ಮಾಡುವ ವ್ಯವಸ್ಥೆ ಬಂತು. ನಿಮ್ಮ ಕೆಲಸಕ್ಕೆ ಅಡ್ಡಿಯಾಗದಿರಲೆಂದು ಆ ಥ್ರೆಡ್ ಒಂದು ಗುಂಪಿಗೆ ತಗುಲಿದ ಸಮಯದ ಹತ್ತು ಪಟ್ಟು ಹೊತ್ತು ಸುಮ್ಮನಿದ್ದು ಮುಂದಿನ ಗುಂಪಿಗೆ ಕೈಹಾಕುತ್ತದೆ. ತಡೆಯಿಲ್ಲದೆ ಬರೆದರೆ 5 ನಿಮಿಷದಲ್ಲಿ ಮುಗಿಯುವ ಕೆಲಸ ಹೀಗೆ ಸುಮಾರು ಒಂದು ಗಂಟೆ ಎಳೆಯುತ್ತದೆ. ನಿಧಾನದ ಯುಎಸ್‌ಬಿ ಡಿಸ್ಕಿನಲ್ಲಿ ಇನ್ನೂ ಹೆಚ್ಚು. ನಡುವೆ ಅನ್‌ಮೌಂಟ್ ಮಾಡಿದರೆ ಉಳಿದದ್ದು ಮುಂದಿನ ಸಲ ಮೌಂಟ್ ಮಾಡಿದಾಗ ಮುಂದುವರಿಯುತ್ತದೆ. ದಿನಕ್ಕೆ ಅರ್ಧ ಗಂಟೆಯಷ್ಟೇ ಡಿಸ್ಕ್ ಚುಚ್ಚುವವರಿಗೆ ವಾರವಾದರೂ ಇದು ಮುಗಿಯದಂತೆ ಕಾಣುವುದು ಅದಕ್ಕೇ.

ಎಷ್ಟು ಮುಗಿದಿದೆ ಎಂದು ನೋಡಬೇಕೇ? ಡಂಪ್ಇ2ಎಫ್ಎಸ್ ಕಮಾಂಡನ್ನು ಆ ಪಾರ್ಟಿಷನ್ ಮೇಲೆ ಕೊಟ್ಟು, ಬರುವುದನ್ನು ಗ್ರೆಪ್ -ಸಿ ಮೂಲಕ ಹಾಯಿಸಿ ಐಟೇಬಲ್_ಝೀರೋಡ್ ಎಂಬ ಪದವಿರುವ ಸಾಲುಗಳನ್ನು ಎಣಿಸಿ. ಪದ ಪೂರ್ತಿ ದೊಡ್ಡಕ್ಷರದಲ್ಲಿರಬೇಕು. ಆ ಎಣಿಕೆ ಒಟ್ಟು ಗುಂಪುಗಳ ಸಂಖ್ಯೆಯನ್ನು ಮುಟ್ಟಿದಾಗ ಕೆಲಸ ಮುಗಿಯಿತು. 2 ಟಿಬಿ ಡಿಸ್ಕಿನಲ್ಲಿ ಸುಮಾರು 15,000 ಗುಂಪುಗಳಿರುತ್ತವೆ.

ಬೇಗ ಮುಗಿಸುವ ಆಸೆಯಿದ್ದರೆ:

ಸುಡೊ ಮೌಂಟ್ -ಒ ರಿಮೌಂಟ್,ಇನಿಟ್_ಐಟೇಬಲ್=0 /ಎಂಎನ್‌ಟಿ/ಡಿಸ್ಕ್

ಕೊನೆಯಲ್ಲಿ ನಿಮ್ಮ ಮೌಂಟ್ ಜಾಗದ ಹೆಸರು ಹಾಕಿ. ಹತ್ತು ಪಟ್ಟು ಕಾಯುವುದನ್ನು ಬಿಟ್ಟು ಥ್ರೆಡ್ ಒಂದೇ ಉಸಿರಿಗೆ ಮುಗಿಸುತ್ತದೆ. ಇನ್ನೊಂದು ದಾರಿ ಫಾರ್ಮ್ಯಾಟ್ ಮಾಡುವಾಗಲೇ ಲೇಜಿ_ಐಟೇಬಲ್_ಇನಿಟ್=0 ಎಂದು ಕೊಡುವುದು. ಇದನ್ನು ಡೇಟಾ ಇರುವ ಡಿಸ್ಕಿನ ಮೇಲೆ ಕೊಟ್ಟರೆ ಎಲ್ಲವೂ ಅಳಿಸಿಹೋಗುತ್ತದೆ. ಅದು ಫಾರ್ಮ್ಯಾಟ್ ಕಮಾಂಡ್ ಎಂಬುದನ್ನು ಮರೆಯಬೇಡಿ. ನನ್ನ ಸಲಹೆ ಕೇಳಿದರೆ, ಏನೂ ಮಾಡದೆ ಒಂದು ರಾತ್ರಿ ಡಿಸ್ಕನ್ನು ಚುಚ್ಚಿಟ್ಟು ಮಲಗಿ.

4. ಯಾವ ಫೈಲಿಗೆ?

ಹಳೆಯ ಡಿಸ್ಕ್, ಲೇಜಿಇನಿಟ್ ಇಲ್ಲ, ಬರೀ ಜೆಬಿಡಿ2 ಕಾಣುತ್ತಿದೆ. ಈಗ ಫಾಟ್ರೇಸ್ ಕೆಲಸಕ್ಕೆ ಬರುತ್ತದೆ. ಯಾವ ಪ್ರೊಸೆಸ್ ಯಾವ ಫೈಲನ್ನು ಮುಟ್ಟಿತು ಎಂದು ಇದು ಆಗಿಂದಾಗ್ಗೆ ಹೇಳುತ್ತದೆ.

ಸುಡೊ ಫಾಟ್ರೇಸ್ -ಟಿ -ಎಫ್ ಡಬ್ಲ್ಯೂ

ಇಲ್ಲಿ ಡಬ್ಲ್ಯೂ ದೊಡ್ಡಕ್ಷರ. ಪ್ರತಿ ಸಾಲಿನಲ್ಲೂ ಸಮಯ, ಪ್ರೊಸೆಸ್ಸಿನ ಹೆಸರು, ಅದರ ಸಂಖ್ಯೆ, ಫೈಲಿನ ಪೂರ್ತಿ ದಾರಿ ಇರುತ್ತವೆ. ಡಬ್ಲ್ಯೂ ಎಂದರೆ ಬರೆಯಿತು, ಸಿಡಬ್ಲ್ಯೂ ಎಂದರೆ ಬರೆದು ಮುಚ್ಚಿತು. ಒಂದೇ ಡಿಸ್ಕಿನ ಮೇಲೆ ಕಣ್ಣಿಡಬೇಕಿದ್ದರೆ ಮೊದಲು ಆ ಡಿಸ್ಕಿನ ಫೋಲ್ಡರಿಗೆ ಹೋಗಿ ಮೈನಸ್ ಸಿ ಸೇರಿಸಿ.

ಫಲಿತಾಂಶವನ್ನು ಫೈಲಿಗೆ ಉಳಿಸುವುದಾದರೆ ಅದೇ ಡಿಸ್ಕಿನಲ್ಲಿ ಉಳಿಸಬೇಡಿ. ಫಾಟ್ರೇಸ್ ಬರೆದದ್ದೂ ಹೊಸ ಬರವಣಿಗೆಯಾಗಿ ಲೆಕ್ಕಕ್ಕೆ ಸೇರುತ್ತದೆ. /ಡೆವ್/ಎಸ್‌ಎಚ್‌ಎಂ ಫೋಲ್ಡರ್ ರ್‍ಯಾಮ್‌ನಲ್ಲಿರುತ್ತದೆ, ಅಲ್ಲಿ ಇಡಿ.

ಇದಕ್ಕೂ ಕಾಣದ ಎರಡು ಬಗೆಯ ಬರವಣಿಗೆ ಇದೆ. ಪ್ರೋಗ್ರಾಂ ಒಂದು ಫೈಲನ್ನು ಎಂಮ್ಯಾಪ್ ವಿಧಾನದಲ್ಲಿ, ಅಂದರೆ ನೇರ ಮೆಮೊರಿಗೆ ಜೋಡಿಸಿಕೊಂಡು ಬದಲಿಸಿದರೆ ಫಾಟ್ರೇಸ್‌ಗೆ ಸುದ್ದಿ ಮುಟ್ಟುವುದಿಲ್ಲ. ಕೆಲವು ಡೇಟಾಬೇಸ್‌ಗಳು ಹೀಗೆ ಮಾಡುತ್ತವೆ. ಹಾಗೆಯೇ ಫೈಲಿನ ಅನುಮತಿ, ಹೆಸರು, ದಿನಾಂಕ ಬದಲಾದದ್ದು ಈ ಪಟ್ಟಿಯಲ್ಲಿ ಬರುವುದಿಲ್ಲ. ಆಗ ಫೈಲ್‌ಸಿಸ್ಟಮ್ಮನ್ನೇ ಕೇಳಬೇಕು:

ಸುಡೊ ಫೈಂಡ್ / -ಎಕ್ಸ್‌ಡೆವ್ -ಎಂಮಿನ್ -5

ಕಳೆದ ಐದು ನಿಮಿಷದಲ್ಲಿ ಬದಲಾದ ಎಲ್ಲವೂ ಸಿಗುತ್ತದೆ. ಎಂಮಿನ್ ಬದಲು ಸಿಮಿನ್ ಕೊಟ್ಟರೆ ಅನುಮತಿ ಮತ್ತು ಹೆಸರಿನ ಬದಲಾವಣೆಯೂ ಸೇರುತ್ತದೆ. ಎಕ್ಸ್‌ಡೆವ್ ಬಿಟ್ಟರೆ /ಪ್ರಾಕ್, /ಸಿಸ್ ಮುಂತಾದ ಡಿಸ್ಕೇ ಅಲ್ಲದ ಜಾಗಗಳಿಗೂ ಹೊಕ್ಕು ಸಾವಿರಾರು ಸಾಲು ಕಸ ಬರುತ್ತದೆ.

5. ಸಣ್ಣ ಫೈಲ್, ದೊಡ್ಡ ಗದ್ದಲ

ಕೆಲವೊಮ್ಮೆ ಸಿಕ್ಕಿದ ಫೈಲ್ ನೋಡಿ ನಂಬಿಕೆಯೇ ಬರುವುದಿಲ್ಲ, ನೂರು ಬೈಟ್ ಬರೆದದ್ದಕ್ಕೆ ಇಷ್ಟೊಂದೇ ಎನಿಸುತ್ತದೆ. ಕಾರಣ ಎಫ್‌ಸಿಂಕ್. "ರ್‍ಯಾಮ್‌ನಲ್ಲಿ ಇಟ್ಟುಕೊಳ್ಳಬೇಡ, ಈಗಲೇ ಡಿಸ್ಕಿಗೆ ಇಳಿಸು" ಎಂದು ಪ್ರೋಗ್ರಾಂ ಕರ್ನಲ್‌ಗೆ ಹಾಕುವ ಆಣೆ ಅದು. ಪ್ರತಿ ಸಲವೂ ಫೈಲಿನ ಬ್ಲಾಕ್, ಅದರ ಐನೋಡ್, ಜರ್ನಲ್‌ನ ತಲೆಬರಹ, ಮುಕ್ತಾಯದ ಗುರುತು ಹೀಗೆ 4 ಕೆಬಿಯ ಹಲವು ಬ್ಲಾಕ್‌ಗಳು ಡಿಸ್ಕಿಗೆ ಹೋಗಬೇಕಾಗುತ್ತದೆ. ಸೆಕೆಂಡಿಗೊಮ್ಮೆ ಎಫ್‌ಸಿಂಕ್ ಮಾಡುವ ಪುಟ್ಟ ಸ್ಕ್ರಿಪ್ಟ್ ಡಿಸ್ಕನ್ನು ಮಲಗಲು ಬಿಡುವುದಿಲ್ಲ. ಅನುಮಾನ ಬಂದ ಪ್ರೊಸೆಸ್ಸಿನ ಸಂಖ್ಯೆ ಹಾಕಿ ಇದನ್ನು ಓಡಿಸಿ:

ಸುಡೊ ಎಸ್‌ಟ್ರೇಸ್ -ಎಫ್ -ಪಿ ಸಂಖ್ಯೆ -ಇ ಟ್ರೇಸ್=ಎಫ್‌ಸಿಂಕ್,ಎಫ್‌ಡೇಟಾಸಿಂಕ್

ಎಸ್‌ಟ್ರೇಸ್ ಪ್ರೊಸೆಸ್ಸನ್ನು ನಿಧಾನಗೊಳಿಸುತ್ತದೆ. ಜನ ಬಳಸುತ್ತಿರುವ ಸರ್ವರಿನಲ್ಲಿ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಬಿಡಬೇಡಿ.

6. ಸಾಮಾನ್ಯವಾಗಿ ಸಿಕ್ಕಿಬೀಳುವವರು

ಓದಿದರೂ ಬರೆಯುವುದು. ಫೈಲನ್ನು ಕೊನೆಯದಾಗಿ ಯಾವಾಗ ಓದಲಾಯಿತು ಎಂಬ ದಿನಾಂಕಕ್ಕೆ ಎಟೈಮ್ ಎನ್ನುತ್ತಾರೆ. 2009ರ 2.6.30 ಕರ್ನಲ್‌ನಿಂದ ರೆಲ್‌ಎಟೈಮ್ ಎಂಬ ಹೊಂದಿಕೆ ತಾನಾಗಿಯೇ ಇರುತ್ತದೆ. ಓದಿದ ದಿನಾಂಕ 24 ಗಂಟೆಗಿಂತ ಹಳೆಯದಾಗಿದ್ದರೆ ಅಥವಾ ಫೈಲ್ ಬದಲಾದದ್ದಕ್ಕಿಂತ ಹಿಂದಿನದಾಗಿದ್ದರೆ ಮಾತ್ರ ಹೊಸದಾಗಿ ಬರೆಯುತ್ತದೆ. ಆದರೂ ದಿನಕ್ಕೊಮ್ಮೆ ಲಕ್ಷಾಂತರ ಫೈಲ್ ಓದುವ ಬ್ಯಾಕಪ್ ಓಡಿದರೆ ಅಷ್ಟೂ ದಿನಾಂಕ ಬರೆಯಬೇಕು. ಮೌಂಟ್ ಆಯ್ಕೆಗಳಿರುವ ಎಫ್ಎಸ್‌ಟ್ಯಾಬ್ ಫೈಲಿನಲ್ಲಿ ನೋಎಟೈಮ್ ಸೇರಿಸಿದರೆ ನಿಲ್ಲುತ್ತದೆ. ಆ ಫೈಲಿನಲ್ಲಿ ಒಂದಕ್ಷರ ತಪ್ಪಿದರೂ ಕಂಪ್ಯೂಟರ್ ಚಾಲೂ ಆಗದಿರಬಹುದು. ರೀಸ್ಟಾರ್ಟ್ ಮಾಡುವ ಮುನ್ನ ಫೈಂಡ್‌ಎಂಎನ್‌ಟಿ --ವೆರಿಫೈ ಕೊಟ್ಟು ಪರೀಕ್ಷಿಸಿ.

ಲಾಗ್‌ಗಳು. ಫಾಟ್ರೇಸ್ ಪಟ್ಟಿಯಲ್ಲಿ ಸಿಸ್ಟಂಡಿ-ಜರ್ನಲ್ (ಇದು ಇಎಕ್ಸ್‌ಟಿ4ನ ಜರ್ನಲ್ ಅಲ್ಲ, ಪ್ರೋಗ್ರಾಂಗಳ ಸಂದೇಶಗಳನ್ನು ಲಾಗ್‌ಗೆ ಬರೆಯುವ ಸರ್ವೀಸ್) ಮತ್ತೆ ಮತ್ತೆ ಬಂದರೆ ಅದನ್ನು ದೂರಬೇಡಿ. ಜರ್ನಲ್‌ಸಿಟಿಎಲ್ -ಎಫ್ ಕೊಟ್ಟು ಯಾರು ಅಷ್ಟೊಂದು ಕೂಗುತ್ತಿದ್ದಾರೆ ನೋಡಿ. ಕೆಟ್ಟುಹೋದ ಒಂದು ಸರ್ವೀಸ್ ಎರಡು ಸೆಕೆಂಡಿಗೊಮ್ಮೆ ಬಿದ್ದು ಎದ್ದು ಬಿದ್ದು ಎದ್ದು ಲಾಗ್ ತುಂಬಿಸುತ್ತಿರುತ್ತದೆ. ಅದನ್ನು ಸರಿಮಾಡಿ, ಲಾಗನ್ನು ಬಂದ್ ಮಾಡಬೇಡಿ. ಲಾಗ್ ಬರೆಯುವ ಇನ್ನೊಂದು ಪ್ರೋಗ್ರಾಂ ಆರ್‌ಸಿಸ್‌ಲಾಗ್ ಕೂಡ ಇರುವ ಉಬುಂಟುವಿನಲ್ಲಿ ಒಂದೇ ಸಂದೇಶ ಎರಡು ಕಡೆ ಬರೆಯಲ್ಪಡುತ್ತದೆ ಎಂಬುದೂ ತಿಳಿದಿರಲಿ.

ಬ್ರೌಸರ್. ಫೈರ್‌ಫಾಕ್ಸ್ ತೆರೆದ ಟ್ಯಾಬ್‌ಗಳ ಸ್ಥಿತಿಯನ್ನು 15 ಸೆಕೆಂಡಿಗೊಮ್ಮೆ ಉಳಿಸುತ್ತದೆ. ನೂರು ಟ್ಯಾಬ್ ಇಟ್ಟುಕೊಳ್ಳುವವರಲ್ಲಿ ಇದು ಎದ್ದು ಕಾಣುತ್ತದೆ. ಅಬೌಟ್:ಕಾನ್ಫಿಗ್ ಪುಟದಲ್ಲಿ ಬ್ರೌಸರ್.ಸೆಷನ್‌ಸ್ಟೋರ್.ಇಂಟರ್ವಲ್ ಮೌಲ್ಯ 15000 ಇರುತ್ತದೆ, ಅದನ್ನು 60000 ಮಾಡಬಹುದು.

ಡಾಕರ್ ಕಂಟೇನರ್‌ಗಳ (ಪ್ರೋಗ್ರಾಂಗಳನ್ನು ಪ್ರತ್ಯೇಕವಾಗಿಟ್ಟು ಓಡಿಸುವ ಪೆಟ್ಟಿಗೆಗಳ) ಲಾಗ್‌ಗೆ ಮೂಲ ಹೊಂದಿಕೆಯಲ್ಲಿ ಮಿತಿಯೇ ಇಲ್ಲ. ಡೀಮನ್ ಕಾನ್ಫಿಗ್‌ನಲ್ಲಿ ಮ್ಯಾಕ್ಸ್-ಸೈಜ್ ಕೊಡಿ. ಆಮೇಲೆ ಹೊಸದಾಗಿ ಸೃಷ್ಟಿಸಿದ ಕಂಟೇನರಿಗೆ ಮಾತ್ರ ಅದು ತಾಗುತ್ತದೆ, ಹಳೆಯದನ್ನು ತೆಗೆದು ಮತ್ತೆ ಮಾಡಬೇಕು. ಗ್ನೋಮ್‌ನ ಟ್ರ್ಯಾಕರ್, ಕೆಡಿಇಯ ಬಲೂ ಇವು ಹುಡುಕಾಟಕ್ಕೆಂದು ಸೂಚಿ ತಯಾರಿಸುವ ಪ್ರೋಗ್ರಾಂಗಳು. ಸೆಟ್ಟಿಂಗ್ಸ್‌ನಲ್ಲಿ ಫೋಲ್ಡರ್‌ಗಳನ್ನು ಕಡಿಮೆ ಮಾಡಿದರೆ ಸಾಕು.

ರ್‍ಯಾಮ್ ಕೊರತೆ. ವಿಎಂಸ್ಟ್ಯಾಟ್ 5 ಕೊಟ್ಟು 'ಎಸ್‌ಒ' ಕಾಲಮ್ ನೋಡಿ. ಅಲ್ಲಿ ಸೊನ್ನೆಯಲ್ಲದ ಸಂಖ್ಯೆ ಬರುತ್ತಲೇ ಇದ್ದರೆ ಸ್ವ್ಯಾಪ್‌ಗೆ, ಅಂದರೆ ರ್‍ಯಾಮ್ ಸಾಲದಾದಾಗ ಬಳಸುವ ಡಿಸ್ಕಿನ ಜಾಗಕ್ಕೆ, ಬರೆಯುತ್ತಿದೆ. ಆ ಬರವಣಿಗೆ ಯಾವ ಫೈಲಿನ ಹೆಸರಿನಲ್ಲೂ ಕಾಣುವುದಿಲ್ಲ. ರೇಯ್ಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವ್ಯವಸ್ಥೆ) ಇದ್ದವರು /ಪ್ರಾಕ್/ಎಂಡಿಸ್ಟ್ಯಾಟ್ ಓದಿ, ಡಿಸ್ಕ್‌ಗಳನ್ನು ಮತ್ತೆ ಹೊಂದಿಸುವ ರೀಸಿಂಕ್ ನಡೆಯುತ್ತಿದ್ದರೆ ಅಲ್ಲೇ ಬರೆದಿರುತ್ತದೆ.

7. ಕೈಹಾಕುವ ಮುನ್ನ ಲೆಕ್ಕ ಹಾಕಿ

ಕಾರಣ ಸಿಕ್ಕಿದ ತಕ್ಷಣ ಎಲ್ಲವನ್ನೂ ನಿಲ್ಲಿಸಬೇಕಿಲ್ಲ. ಸೆಕೆಂಡಿಗೆ 50 ಕೆಬಿ ಬರವಣಿಗೆ ಎಂದರೆ ದಿನಕ್ಕೆ 4.3 ಜಿಬಿ, ವರ್ಷಕ್ಕೆ ಸುಮಾರು 1.6 ಟಿಬಿ. 150 ಟಿಬಿ ಬರೆಯಬಹುದು ಎಂದು ತಯಾರಕರು ಹೇಳಿದ ಎಸ್‌ಎಸ್‌ಡಿಗೆ ಇದು ಲೆಕ್ಕಕ್ಕೇ ಇಲ್ಲ. ಡ್ರೈವ್ ಇದುವರೆಗೆ ಎಷ್ಟು ಬರೆದಿದೆ ಎಂದು ಸ್ಮಾರ್ಟ್‌ಸಿಟಿಎಲ್ -ಎ ತೋರಿಸುತ್ತದೆ. ಎನ್‌ವಿಎಂಇ ಡ್ರೈವಿನಲ್ಲಿ ಒಂದು 'ಡೇಟಾ ಯೂನಿಟ್' ಎಂದರೆ 512 ಬೈಟ್ ಅಲ್ಲ, 5,12,000 ಬೈಟ್. ಈ ವ್ಯತ್ಯಾಸ ಗೊತ್ತಿಲ್ಲದೆ ಸಾವಿರ ಪಟ್ಟು ತಪ್ಪು ಲೆಕ್ಕ ಹಾಕಿದವರ ಪ್ರಶ್ನೆಗಳೂ ನನಗೆ ಬಂದಿವೆ. ಆದರೆ ರಾಸ್ಪ್‌ಬೆರಿ ಪೈನ ಎಸ್‌ಡಿ ಕಾರ್ಡ್, ರಾತ್ರಿ ಮಲಗಬೇಕಾದ ಬ್ಯಾಕಪ್ ಹಾರ್ಡ್ ಡಿಸ್ಕ್ ಇವುಗಳ ವಿಷಯ ಬೇರೆ. ಅಲ್ಲಿ ಸಣ್ಣ ಬರವಣಿಗೆಯನ್ನೂ ಹುಡುಕಿ ನಿಲ್ಲಿಸಿದರೆ ಲಾಭವಿದೆ.

ಮೌಂಟ್ ಆಯ್ಕೆಯಲ್ಲಿ ಕಮಿಟ್=60 ಹಾಕಿದರೆ ಜರ್ನಲ್ 5ರ ಬದಲು 60 ಸೆಕೆಂಡಿಗೊಮ್ಮೆ ಬರೆಯುತ್ತದೆ. ಎಫ್‌ಸಿಂಕ್ ಮಾಡುವ ಪ್ರೋಗ್ರಾಂಗಳ ಮೇಲೆ ಇದರಿಂದ ಏನೂ ಪರಿಣಾಮವಿಲ್ಲ. ಉಳಿದ ಪ್ರೋಗ್ರಾಂಗಳು ಬರೆದದ್ದರಲ್ಲಿ ಒಂದು ನಿಮಿಷದ ಕೆಲಸ ಕರೆಂಟ್ ಹೋದರೆ ಕಳೆದುಹೋಗಬಹುದು. ಯುಪಿಎಸ್ ಅಥವಾ ಬ್ಯಾಟರಿ ಇಲ್ಲದ ಡೆಸ್ಕ್‌ಟಾಪಿನಲ್ಲಿ ನಾನು ಇದನ್ನು ಮಾಡುವುದಿಲ್ಲ. ಜರ್ನಲ್ಲನ್ನೇ ತೆಗೆದುಹಾಕಿ ಎಂಬ ಸಲಹೆ ಎಲ್ಲಾದರೂ ಕಂಡರೆ ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ಉಳಿಯುವುದು ದಿನಕ್ಕೆ ಕೆಲವು ಎಂಬಿ, ಕಳೆದುಕೊಳ್ಳುವುದು ಇಡೀ ಫೈಲ್‌ಸಿಸ್ಟಂ ಆಗಿರಬಹುದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ರತಿ ಬದಲಾವಣೆಯ ನಂತರ ಒಂದನೆಯ ಹಂತದ ಸೆಷನ್_ರೈಟ್_ಕೆಬೈಟ್ಸ್ ಸಂಖ್ಯೆಯನ್ನು ಹತ್ತು ನಿಮಿಷದ ಅಂತರದಲ್ಲಿ ಎರಡು ಬಾರಿ ಓದಿ, ಮೊದಲು ಬರೆದಿಟ್ಟುಕೊಂಡ ವ್ಯತ್ಯಾಸದ ಪಕ್ಕದಲ್ಲಿ ಬರೆಯಿರಿ. ಇಷ್ಟೆಲ್ಲ ನೋಡಿಯೂ ಕಾರಣ ಸಿಗದಿದ್ದರೆ ನನಗೆ ಬರೆದು ಕಳಿಸಿ. ಕರ್ನಲ್ ಆವೃತ್ತಿ, ಫೈಲ್‌ಸಿಸ್ಟಂ ಹೆಸರು, ಆ ಎರಡು ಸಂಖ್ಯೆ, ಜೊತೆಗೆ ಹತ್ತು ನಿಮಿಷ ಓಡಿಸಿದ ಐಒಟಾಪ್ ಪಟ್ಟಿ ಅದರಲ್ಲಿರಲಿ.